ಇದನ್ನು ಮುಟ್ಟಿದರೆ ಅದನ್ನೂ ಮುಟ್ಟಿ

ಫೆಬ್ರವರಿ ೩, ಸೋಮವಾರ

ನಿನ್ನೆ ಸಂಜೆ ರಂಗದ ಮೇಲೆ ನಮ್ಮ ಮಾನ ಹರಾಜಾಯಿತು. ರಾಜ ಸಾಯುವ ದೃಶ್ಯ. ಅವನು ಬಿದ್ದ ಮೇಲೆ ನೀಲಿ ದೀಪವೂ ಕೆಂಪು ದೀಪವೂ ಜೊತೆಯಾಗಿ, ಎಂಟು ಎಣಿಸುವಷ್ಟರಲ್ಲಿ ಮೆಲ್ಲಗೆ ಆರಬೇಕಿತ್ತು. ಆರಲಿಲ್ಲ. ಸತ್ತವನು ಝಗಝಗಿಸುವ ಬೆಳಕಿನಲ್ಲಿ ಎಷ್ಟು ಹೊತ್ತು ಅಂತ ಬಿದ್ದುಕೊಂಡಿರುತ್ತಾನೆ? ಕೊನೆಗೆ ಎದ್ದು, ಕಿರೀಟ ಸರಿಮಾಡಿಕೊಂಡು, ತಾನೇ ನಡೆದು ಒಳಗೆ ಹೋದನಂತೆ. ಜನ ಬಿದ್ದು ಬಿದ್ದು ನಕ್ಕರಂತೆ.

ಬೆಳಿಗ್ಗೆ ಆ ನಾಟಕದ ಬೆಳಕು ನೋಡಿಕೊಳ್ಳುವ ಯಜಮಾನರು ಫೋನ್ ಮಾಡಿದರು. ಬೈಯಲಿಲ್ಲ, ಅದೇ ಕಷ್ಟ. "ಮೇಡಂ, ನಿಮ್ಮ ಸ್ಕ್ರೀನು ಎಲ್ಲಾ ಸರಿ ಇದೆ ಅಂತು. ನಿಮ್ಮ ಡಬ್ಬ ನಂಗರ್ಥ ಆಗ್ಲಿಲ್ಲ ಅಂತು. ಎರಡೂ ನಿಮ್ಮ ಮನೇವೇ. ನಾನು ಯಾರ ಮಾತು ಕೇಳ್ಲಿ?"

ಅವರಿಗೆ ಬಿಡಿಸಿ ಹೇಳುವಾಗ ನನಗೇ ನಾಚಿಕೆಯಾಯಿತು. ಬೆಳಕಿನವರು ತಮ್ಮ ಮಾತಿನಲ್ಲೇ 'ಎಡಗಡೆ ನೀಲಿ, ಎಂಟು ಎಣಿಕೆಯಲ್ಲಿ ಆರಿಸು' ಎಂದು ಟೈಪ್ ಮಾಡುತ್ತಾರೆ. ನಮ್ಮ ಪಾರ್ಸರ್ ಎನ್ನುವ ಪ್ರೋಗ್ರಾಮು ಆ ವಾಕ್ಯವನ್ನು ಬಿಡಿಸಿಕೊಂಡು ದೀಪಗಳಿಗೆ ತಿಳಿಸುತ್ತದೆ. ಯಾವ ಪದದ ಮುಂದೆ ಯಾವುದು ಬರಬಹುದು ಎನ್ನುವ ನಿಯಮಗಳೆಲ್ಲ ಗ್ರಾಮರ್ ಫೈಲಿನಲ್ಲಿವೆ. ಆ ಫೈಲು ಒಂದಲ್ಲ, ಎರಡು. ಒಂದು ನನ್ನ ಕಡೆ, ತಪ್ಪಿಗೆ ಕೆಂಪು ಗೆರೆ ಎಳೆಯುವ ಸ್ಕ್ರೀನಿನಲ್ಲಿ. ಅದರದೇ ನಕಲು ನನ್ನ ಮಗಳು ಗಿಣಿಯ ಅಪ್ಪನ ಕಡೆ, ದೀಪ ಆಳುವ ಡಬ್ಬದಲ್ಲಿ. 'ಜೊತೆಯಾಗಿ' ಎನ್ನುವ ಹೊಸ ನಿಯಮವನ್ನು ನಾನು ಹೋದ ವಾರ ನನ್ನದರಲ್ಲಿ ಸೇರಿಸಿದೆ. ಆತ ತನ್ನದರಲ್ಲಿ ಸೇರಿಸಲಿಲ್ಲ.

ಹೋದ ಗುರುವಾರ ಅದನ್ನು ಓದಿ ಹೇಳಲು ಆಗಿರಲಿಲ್ಲ ನಿಜ. ಗಿಣಿಯ ಶಾಲೆಯ ಪ್ರವಾಸದ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಫೋನ್ ಕಟ್ಟಾಯಿತು. ಕಟ್ ಮಾಡಿದ್ದು ನಾನೇ ಇರಬಹುದು. ಆದರೂ ಒಂದು ಸಲ ತೆಗೆದು ನೋಡಲು ಏನಾಗಿತ್ತು ಮಹಾರಾಯನಿಗೆ?

ಇನ್ನು ಸಾಕು. ಎರಡು ಫೈಲಿನ ಸಹವಾಸವೇ ಬೇಡ. ಒಂದೇ ಮಾಡುತ್ತೇನೆ.

ಫೆಬ್ರವರಿ ೬, ಗುರುವಾರ

ಏಳು ಗಂಟೆಯ ಫೋನು ಆಯಿತು. ಬೇರೆಯಾದ ಮೇಲೆ ನಾವು ತಪ್ಪದೆ ನಡೆಸಿಕೊಂಡು ಬಂದ ಒಂದೇ ಒಂದು ವ್ರತ ಇದು. ಊಟದ ಮೇಜಿನ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟು, ವಾರದಲ್ಲಿ ಬದಲಾದ ಸಾಲುಗಳನ್ನು ಒಬ್ಬರು ಓದುವುದು, ಇನ್ನೊಬ್ಬರು ತಮ್ಮ ಫೈಲಿನಲ್ಲಿ ಕೈಯಾರೆ ಬರೆದುಕೊಂಡು "ಹೂಂ, ಮುಂದೆ" ಎನ್ನುವುದು. ಎಲ್ಲ ಮುಗಿದ ಮೇಲೆ ಆತ "ಮುಟ್ಟಿದೆ" ಎಂದರೆ ನಾನು "ನಾನೂ ಮುಟ್ಟಿದೆ" ಎನ್ನಬೇಕು.

ಅದು ಎರಡೂ ಫೈಲುಗಳ ನೆತ್ತಿಯ ಮೇಲೆ ಆತ ಬರೆದಿಟ್ಟ ಸಾಲಿನಿಂದ ಹುಟ್ಟಿದ್ದು: ಇದನ್ನು ಮುಟ್ಟಿದರೆ ಅದನ್ನೂ ಮುಟ್ಟಿ. ನಕಲು ಮಾಡಿದ ದಿನ ಎರಡು ದಿನದ ಮಟ್ಟಿಗೆ ಎಂದುಕೊಂಡಿದ್ದೆವು. ಆಗ ಗಿಣಿ ತೊಟ್ಟಿಲಲ್ಲಿದ್ದಳು, ನಮ್ಮಿಬ್ಬರ ಮೇಜುಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಈಗ ಅವಳಿಗೆ ಹದಿಮೂರು ತುಂಬಿದೆ.

ಇವತ್ತೂ ಅವಳು ಮೇಜಿನ ಕೆಳಗೇ ಕೂತು ಚಿತ್ರ ಬರೆಯುತ್ತಿದ್ದಳು. ಕಾಲು ಹೊರಗೆ ಚಾಚಿಕೊಂಡಿರುತ್ತವೆ, ನಾನು ಎಡವುತ್ತೇನೆ. ಕುರ್ಚಿಯ ಮೇಲೆ ಕೂರು ಎಂದರೆ ಕೇಳುವುದಿಲ್ಲ. ಗುರುವಾರ ಮಾತ್ರ ಈ ಹಟ. ಅಲ್ಲೆಲ್ಲ ಪೆನ್ಸಿಲ್ ಹೆರೆದ ಸಿಪ್ಪೆ, ಗುಡಿಸುವವಳು ನಾನು.

ನಡುವೆ ಅವಳಪ್ಪ, "ಗಿಣಿ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು" ಎಂದು ರಾಗ ತೆಗೆದರು. "ಕೆಲಸದ ಹೊತ್ತಲ್ಲಿ ಮನೆ ಮಾತು ಬೇಡ. ಮೊದಲು ನಲವತ್ತೊಂದನೇ ಸಾಲು ನೋಡಿ" ಎಂದೆ. ಮೊದಲಾಗಿದ್ದರೆ 'ನೋಡ್ರೀ' ಎನ್ನುತ್ತಿದ್ದೆ. ಆ 'ರೀ'ಯನ್ನು ಬಿಟ್ಟು ಎರಡು ವರ್ಷವಾಯಿತು. ಅವರು ಸಾಲು ನೋಡಿದರು.

ಗಿಣಿ ಚಾರ್ಜರನ್ನು ಅಪ್ಪನ ಮನೆಯಲ್ಲೇ ಬಿಟ್ಟು ಬಂದಿದ್ದಾಳೆ. ಇಲ್ಲಿಯದು ಎಲ್ಲಿ ಎಂದರೆ ಅದೂ ಅಲ್ಲೇ ಇದೆಯಂತೆ. ಎರಡು ಮನೆಗೆ ಎರಡೆರಡು ಎಂದು ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಎಲ್ಲವನ್ನೂ ಕೊಂಡು ಕೊಟ್ಟವಳು ನಾನು. ಈ ಹುಡುಗಿಗೆ ಮರೆವು ಹೆಚ್ಚಾಗಿದೆ.

ಫೆಬ್ರವರಿ ೧೧, ಮಂಗಳವಾರ

ಎರಡು ಫೈಲುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಪ್ರತಿ ವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದ್ದೇವೆ, ಇರುವುದಾದರೂ ಏನು ವ್ಯತ್ಯಾಸ ಎಂದುಕೊಂಡಿದ್ದೆ. ತಲೆ ಮೇಲೆ ಕೈ ಹೊತ್ತುಕೊಳ್ಳುವಷ್ಟಿದೆ. ನನ್ನದು 'ನಿಧಾನ' ಎನ್ನುವ ಪದವನ್ನು ವಾಕ್ಯದ ಮೊದಲೂ ಕೊನೆಗೂ ಒಪ್ಪುತ್ತದೆ, ಆತನದು ಕೊನೆಗೆ ಮಾತ್ರ. ಬದಲಾದದ್ದನ್ನು ಮಾತ್ರ ಓದುತ್ತಿದ್ದೆವಲ್ಲ, ಬದಲಾದದ್ದು ಎಂದು ನಮಗೇ ಗೊತ್ತಾಗದೆ ಹೋದದ್ದೆಲ್ಲ ಹಾಗೇ ಉಳಿದುಬಿಟ್ಟಿದೆ.

ಹೊಟ್ಟೆ ಉರಿಸುವ ಸಂಗತಿಯೆಂದರೆ ಆತನ ಫೈಲೇ ಚೆನ್ನಾಗಿದೆ. ಪ್ರತಿ ನಿಯಮದ ಪಕ್ಕದಲ್ಲಿ ಅದು ಯಾಕೆ ಬಂತು ಎಂದು ಒಂದೊಂದು ಸಾಲು ಬರೆದಿಟ್ಟಿದ್ದಾರೆ. ನನ್ನದರಲ್ಲಿ ಬರೀ ನಿಯಮ. ಸಂಸಾರ ಮಾಡುವಾಗ ಹಾಲು ತರಲು ಹೇಳಿದರೆ ಮರೆಯುತ್ತಿದ್ದ ಮನುಷ್ಯ.

ಗಿಣಿ ಬಾಗಿಲಲ್ಲಿ ನಿಂತು, "ಅಮ್ಮಾ, ಬಿಡುವಿದೆಯಾ?" ಎಂದಳು. "ಹತ್ತು ನಿಮಿಷ" ಎಂದೆ. ಆಮೇಲೆ ನೋಡಿದರೆ ಮಲಗಿಬಿಟ್ಟಿದ್ದಳು.

ಫೆಬ್ರವರಿ ೧೩, ಗುರುವಾರ

ಒಂದೇ ಫೈಲು ಮಾಡುವ ವಿಷಯವನ್ನು ಇವತ್ತು ಹೇಳಿದೆ. ಅವಳಪ್ಪನಿಗೆ ಮನಸ್ಸಿಲ್ಲ. "ಎರಡಿದ್ರೆ ಒಬ್ಬರ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳುತ್ತೆ" ಎಂದರು.

"ಬಿದ್ದು ಏನಾಯ್ತು? ಸತ್ತ ರಾಜ ಎದ್ದು ಹೋದ" ಎಂದೆ.

ಆ ಕಡೆಯಿಂದ ನಗು ಕೇಳಿಸಿತು. ನನಗೂ ನಗು ಬಂತು, ತಡೆದುಕೊಂಡೆ. "ಆಯ್ತು, ನಿನ್ನಿಷ್ಟ. ನೀನು ಒಂದು ಅಂದ್ಮೇಲೆ ಒಂದೇ" ಎಂದರು. ಇದನ್ನೇ ಜಗಳದ ದಿನಗಳಲ್ಲೂ ಹೇಳುತ್ತಿದ್ದರು. ಆಗ ಮೈ ಉರಿಯುತ್ತಿತ್ತು. ಇವತ್ತು ಅಷ್ಟೇನೂ ಅನ್ನಿಸಲಿಲ್ಲ.

ಮೇಜಿನ ಕೆಳಗಿಂದ ಗಿಣಿ, "ಹಾಗಾದ್ರೆ ಗುರುವಾರ ಇರಲ್ವಾ?" ಎಂದಳು.

"ಇರುತ್ತಮ್ಮಾ. ಕ್ಯಾಲೆಂಡರಿನಿಂದ ಗುರುವಾರ ಕಿತ್ತುಹಾಕೋಕೆ ನಾನ್ಯಾರು?" ಎಂದೆ. ಅವಳಪ್ಪ ನಕ್ಕರು, ಅವಳು ನಗಲಿಲ್ಲ. ಈ ವಯಸ್ಸೇ ಹಾಗೆ, ಮೂಗಿನ ತುದಿಯಲ್ಲಿ ಕೋಪ.

ಫೆಬ್ರವರಿ ೧೮, ಮಂಗಳವಾರ

ಅಕ್ಕನ ಫೋನು. ಗಿಣಿ ಹೇಗಿದ್ದಾಳೆ ಎಂದಳು. ಚೆನ್ನಾಗಿದ್ದಾಳೆ ಎಂದು ಹೇಳಿ ಫೈಲಿನ ಕಥೆ ಶುರು ಮಾಡಿದೆ. ಪಾಪ, ಒಂದಕ್ಷರ ಅರ್ಥವಾಗದಿದ್ದರೂ ಪೂರ್ತಿ ಕೇಳಿದಳು. ಕೊನೆಗೆ, "ಅದಿರ್ಲಿ ಕಣೇ, ಗಿಣಿ ಹೇಗಿದಾಳೆ?" ಎಂದು ಮತ್ತೆ ಕೇಳಿದಳು. ಅಕ್ಕನಿಗೂ ವಯಸ್ಸಾಯಿತು.

ಗಿಣಿಯ ದಿಂಬು ಅಲ್ಲಿಗೆ ಹೋಗಿದೆ. "ಅಲ್ಲಿನ ದಿಂಬು ಗಟ್ಟಿ" ಎಂದಳು. ಸರಿ, ಇಲ್ಲಿ ನನ್ನದೊಂದು ಹೆಚ್ಚಿನದಿತ್ತು, ಕೊಟ್ಟೆ.

ಒಂಬತ್ತಕ್ಕೆ ಫೋನು ಎತ್ತಿಡು ಎಂದಿದ್ದಕ್ಕೆ ರಂಪ. "ಅಲ್ಲಿ ಹತ್ತು ಗಂಟೆ. ಅಲ್ಲಿ ರೂಮಲ್ಲೇ ಊಟ ಮಾಡ್ಬೋದು. ಇಲ್ಲಿ ಮಾಡೋ ಹಾಗಿಲ್ಲ. ನಂಗೆ ಯಾವ ಮನೇಲಿ ಯಾವ ರೂಲ್ಸು ಅಂತ ನೆನಪಿಟ್ಕೊಂಡೇ ಸಾಕಾಗುತ್ತೆ."

"ಇದು ಅಲ್ಲಲ್ಲ, ಇದು ಇಲ್ಲಿ" ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಅವಳು ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ನಾನು 'ನಿಧಾನ'ದ ನಿಯಮಕ್ಕೆ ವಾಪಸ್ಸಾದೆ. ಮೊದಲೂ ಬರಲಿ, ಕೊನೆಗೂ ಬರಲಿ ಎಂದು ತೀರ್ಮಾನಿಸಿದೆ. ಒಂದೇ ಪದ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಎಂದರೆ ಬಳಸುವವರ ಗತಿಯೇನು?

ಫೆಬ್ರವರಿ ೨೪, ಸೋಮವಾರ

ಕೆಲಸ, ಕೆಲಸ. ಊಟ ನಿಂತುಕೊಂಡೇ. ಗಿಣಿಯ ಬಣ್ಣದ ಪೆಟ್ಟಿಗೆ ಕಾಣುತ್ತಿಲ್ಲ, ಅಲ್ಲೇ ಇರಬೇಕು.

ಫೆಬ್ರವರಿ ೨೭, ಗುರುವಾರ

ಮಧ್ಯಾಹ್ನವೇ ಅವಳಪ್ಪನಿಗೆ ಮೆಸೇಜು ಕಳಿಸಿದೆ: ಇವತ್ತು ಓದುವುದು ಬೇಡ, ಮುಂದಿನ ವಾರ ಹೇಗಿದ್ದರೂ ಒಂದಾಗುತ್ತದೆ. 'ಸರಿ' ಎಂದು ಉತ್ತರ ಬಂತು. ಒಂದು ಸಂಜೆ ಉಳಿಯಿತು.

ಏಳಕ್ಕೆ ಗಿಣಿ ಬಂದು ಮೇಜಿನ ಕೆಳಗೆ ಕೂತಳು. ಫೋನ್ ಇಲ್ಲ ಕಣೇ ಇವತ್ತು ಎಂದೆ. ಗೊತ್ತು ಎಂದಳು. ಆದರೂ ಕೂತೇ ಇದ್ದಳು, ಪೆನ್ಸಿಲ್ಲೂ ಇಲ್ಲ, ಪುಸ್ತಕವೂ ಇಲ್ಲ. ಪಾತ್ರೆ ಒರೆಸುವುದನ್ನು ತಪ್ಪಿಸಿಕೊಳ್ಳುವ ಉಪಾಯ ಎಂದುಕೊಂಡು ನಾನೇ ಎಲ್ಲ ಒರೆಸಿದೆ. ಆಮೇಲೆ ಎದ್ದು ಹೋದಳು.

ಮಾರ್ಚ್ ೫, ಬುಧವಾರ

ಮುಗಿಯಿತು. ಒಂದೇ ಫೈಲು. ಸ್ಕ್ರೀನೂ ಅದನ್ನೇ ಓದುತ್ತದೆ, ಡಬ್ಬವೂ ಅದನ್ನೇ ಓದುತ್ತದೆ.

ಯಾವುದನ್ನು ಉಳಿಸುವುದು ಎಂದು ಎರಡು ದಿನ ಒದ್ದಾಡಿದೆ. ಆತನದನ್ನೇ ಉಳಿಸಿದೆ. ನನ್ನದರಲ್ಲಿದ್ದ ಒಳ್ಳೆಯದನ್ನೆಲ್ಲ ಅದಕ್ಕೆ ಸೇರಿಸಿ, ನನ್ನದನ್ನು ಅಳಿಸಿದೆ. ಅಷ್ಟು ವರ್ಷ ಸಾಕಿದ್ದು ಒಂದು ಗುಂಡಿ ಒತ್ತುವಷ್ಟರಲ್ಲಿ ಹೋಯಿತು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಕೊನೆಯಲ್ಲಿ ಉಳಿದದ್ದು ನೆತ್ತಿಯ ಮೇಲಿನ ಸಾಲು. ಇದನ್ನು ಮುಟ್ಟಿದರೆ ಅದನ್ನೂ ಮುಟ್ಟಿ. ಇನ್ನು 'ಅದು' ಎನ್ನುವುದೇ ಇಲ್ಲ. ಆ ಸಾಲನ್ನೂ ತೆಗೆದೆ.

ಮಾರ್ಚ್ ೮, ಶನಿವಾರ

ರಾಜ ಇವತ್ತು ಎಂಟು ಎಣಿಕೆಯಲ್ಲಿ ಲಕ್ಷಣವಾಗಿ ಸತ್ತ. ಸಭಾಂಗಣ ಪೂರ್ತಿ ಕತ್ತಲಾಯಿತು, ಆಮೇಲೆ ಚಪ್ಪಾಳೆ. ಬೆಳಕಿನ ಯಜಮಾನರು ಕತ್ತಲಲ್ಲೇ ನನ್ನ ಕೈ ಹಿಡಿದು ಕುಲುಕಿದರು. "ಈಗ ನಿಮ್ಮನೇಲಿ ಒಂದೇ ಮಾತು ಮೇಡಂ" ಎಂದರು.

ಅವಳಪ್ಪ, ಗಿಣಿ ಹಿಂದಿನ ಸಾಲಿನಲ್ಲಿದ್ದರು. ಅವಳು ಅವರ ಕೋಟು ಹೊದ್ದು ಕೂತಿದ್ದಳು. ನಾನು ಕೈ ಬೀಸಿದೆ. ಅವಳೂ ಬೀಸಿದಳು. ಪರಿಚಯದವರಿಗೆ ಬೀಸುವ ಹಾಗೆ ಬೀಸಿದಳು ಎಂದು ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಸುಸ್ತಾಗಿದ್ದಕ್ಕೆ ಹಾಗೆ ಅನ್ನಿಸಿರಬೇಕು.

ಮಾರ್ಚ್ ೧೧, ಮಂಗಳವಾರ

ಮೊದಲ ಹೊಡೆತ. ಫೈಲಿನಲ್ಲಿ ನಿನ್ನೆ ನಾನು ಬರೆದ ನಿಯಮವೊಂದು ತಪ್ಪಿತ್ತು. ಸ್ಕ್ರೀನೂ ಸರಿ ಎಂದಿತು, ಡಬ್ಬವೂ ಸರಿ ಎಂದಿತು, ಇಬ್ಬರೂ ಒಮ್ಮತದಿಂದ ತಾಲೀಮಿನಲ್ಲಿ ಎಲ್ಲ ದೀಪ ಆರಿಸಿದರು. ಓದಿ ಹೇಳಿದ್ದರೆ ಅವಳಪ್ಪ ಅಲ್ಲೇ "ತಡಿ ತಡಿ" ಎನ್ನುತ್ತಿದ್ದರು. ಸರಿಪಡಿಸಿದೆ. ಅವರಿಗೆ ಹೇಳಲಿಲ್ಲ.

ಮಾರ್ಚ್ ೧೩, ಗುರುವಾರ

ಶಾಲೆಯಿಂದ ಬಂದವಳೇ ಗಿಣಿ, "ಇವತ್ತೇ ಅಪ್ಪನ ಮನೆಗೆ ಹೋಗ್ಲಾ?" ಎಂದಳು.

"ನಾಳೆ ಹೇಗಿದ್ರೂ ಹೋಗ್ತೀಯಲ್ಲೇ."

"ಇವತ್ತೇನೂ ಇಲ್ವಲ್ಲ ಇಲ್ಲಿ."

ಹೋಗು ಎಂದೆ. ನಿಜ ಹೇಳಬೇಕೆಂದರೆ ಮನೆ ಖಾಲಿಯಾದರೆ ಒಂದಿಷ್ಟು ಕೆಲಸ ಸಾಗುತ್ತದೆ ಎಂದುಕೊಂಡೆ. ಏಳು ಗಂಟೆಗೆ ಕೈ ತಾನಾಗಿ ಫೋನಿನ ಕಡೆ ಹೋಯಿತು. ಯಾರಿಗೆ ಏನು ಓದಲಿ? ಟೀ ಮಾಡಿಕೊಂಡೆ, ಕುಡಿಯಲು ಮರೆತೆ.

ಮಾರ್ಚ್ ೧೭, ಸೋಮವಾರ

ಗಿಣಿಯ ಹಾಸಿಗೆಯ ಬಟ್ಟೆ ಬದಲಿಸಲೆಂದು ಅವಳ ಬೀರು ತೆಗೆದೆ. ಒಳಗೆ ಚಿಕ್ಕದಾದ ಎರಡು ಫ್ರಾಕು, ಹಳೆಯ ಸಮವಸ್ತ್ರ, ಒಂದೇ ಒಂದು ಕಾಲುಚೀಲ. ಎರಡೆರಡು ಕೊಂಡದ್ದರಲ್ಲಿ ಇಲ್ಲಿ ಉಳಿದದ್ದು ಅಷ್ಟೇ. ಚಳಿಯ ಅಂಗಿಗಳಿಲ್ಲ, ಪುಸ್ತಕಗಳಿಲ್ಲ, ಮೇಜಿನ ದೀಪವೂ ಇಲ್ಲ. ಆ ದೀಪ ಯಾವಾಗ ಹೋಯಿತು ಎಂದು ನನಗೆ ಗೊತ್ತೇ ಇಲ್ಲ.

ಅವಳು ಹಿಂದೆ ಬಂದು ನಿಂತಿದ್ದಳು. ಅಳುತ್ತಿರಲಿಲ್ಲ. ಬಹಳ ದಿನದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವವಳ ಹಾಗೆ ಹೇಳಿದಳು.

"ಅಮ್ಮಾ, ನಾನು ಒಂದೇ ಕಡೆ ಇರ್ತೀನಿ. ಅಪ್ಪನ ಹತ್ರ. ಶನಿವಾರ ಭಾನುವಾರ ಇಲ್ಲಿಗೆ ಬರ್ತೀನಿ."

"ಯಾಕೆ, ನಾನೇನು ಮಾಡ್ದೆ?"

"ಏನೂ ಮಾಡಿಲ್ಲ. ಎರಡು ಕಡೆ ಇಟ್ರೆ ಒಂದಲ್ಲ ಒಂದು ಕಡೆ ತಪ್ಪುತ್ತೆ, ಒಂದೇ ಸಾಕು ಅಂತ ನೀನೇ ಎಲ್ಲರಿಗೂ ಹೇಳ್ತಿದ್ಯಲ್ಲ."

"ಅದು ಫೈಲಿಗೆ ಕಣೇ."

ಅವಳು ಬೀರುವಿನಿಂದ ಆ ಕಾಲುಚೀಲ ಎತ್ತಿಕೊಂಡಳು. ಒಂದೇ ಕಡೆ ಎಂದರೆ ಇಲ್ಲೇ ಇರಬಹುದಲ್ಲ ಎಂದೆ.

"ಗುರುವಾರ ಇತ್ತಲ್ಲ, ಅದಕ್ಕೆ ಇಲ್ಲಿರ್ತಿದ್ದೆ" ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಕಾಲುಚೀಲವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಮೇಜಿನ ಕೆಳಗೆ ಕೂತ್ರೆ ನಿಮ್ಮ ಮುಖ ಕಾಣಿಸ್ತಿರ್ಲಿಲ್ಲ. ಬರೀ ಮಾತು. ನೀವಿಬ್ರೂ ಒಂದೇ ಮನೇಲಿದೀರಿ ಅನ್ಸೋದು. ನಿಮ್ಮ ಜಗಳ ಇಲ್ದಿದ್ದ ಮಾತು ಅದೊಂದೇ" ಎಂದಳು.

ನಾನು ಹಾಸಿಗೆಯ ಮೇಲೆ ಕೂತುಬಿಟ್ಟೆ. ಅವಳೇ ಬಟ್ಟೆ ಬದಲಿಸಿದಳು, ನಾನು ಕೂತಿದ್ದ ಮೂಲೆಯನ್ನು ಮಾತ್ರ ಬಿಟ್ಟು.

ಮಾರ್ಚ್ ೧೮, ಮಂಗಳವಾರ

ಏನೂ ಬರೆಯಲು ಮನಸ್ಸಿಲ್ಲ. ತಪ್ಪಾಯಿತು. ದೊಡ್ಡ ತಪ್ಪಾಯಿತು.

ಮಾರ್ಚ್ ೨೦, ಗುರುವಾರ

ಗಿಣಿ ನಿನ್ನೆ ಹೋದಳು. ಇವತ್ತು ಏಳಕ್ಕೆ ಫೋನ್ ಮಾಡಿದೆ.

"ಏನಾಯ್ತು? ದೀಪ ಹೋಯ್ತಾ?" ಎಂದರು ಗಾಬರಿಯಿಂದ.

"ದೀಪ ಚೆನ್ನಾಗಿದೆ. ಗಿಣಿ ಹೀಗೆ ಮಾಡ್ತಾಳೆ ಅಂತ ನಿಮಗೆ ಗೊತ್ತಿತ್ತೇನ್ರೀ?"

ಬಾಯಿ ತಪ್ಪಿ 'ರೀ' ಬಂದುಬಿಟ್ಟಿತು. ಅವರು ಅದನ್ನು ಗಮನಿಸಿದರೋ ಇಲ್ಲವೋ.

"ವಾರ ವಾರ ಒಂದೊಂದು ಸಾಮಾನು ತರ್ತಿದ್ಲು. ಅಮ್ಮಂಗೆ ಹೇಳಿದೀಯಾ ಅಂದ್ರೆ, ಅಮ್ಮ ಬಿಜಿ ಅಂತಿದ್ಲು. ನಾನು ಹೇಳೋಕೆ ಬಂದೆ. ನೀನು ನಲವತ್ತೊಂದನೇ ಸಾಲು ನೋಡಿ ಅಂದೆ."

ಆ ಸಾಲು ನನಗೆ ಚೆನ್ನಾಗಿ ನೆನಪಿದೆ. ಒಂದು ಅಲ್ಪವಿರಾಮ ಹೆಚ್ಚಾಗಿತ್ತು. ಅದೊಂದು ಅಲ್ಪವಿರಾಮಕ್ಕೆ ಎಷ್ಟು ಎಚ್ಚರವಿತ್ತು ನನಗೆ. ಮಗಳ ದಿಂಬು ಹೋದರೆ ಬೇರೆ ದಿಂಬು ಕೊಟ್ಟೆ.

"ಇನ್ನೊಂದು ಸಲ ಹೇಳ್ಬೇಕಿತ್ತು ನೀವು" ಎಂದೆ.

"ಹೇಳ್ಬೇಕಿತ್ತು" ಎಂದರು. ಜಗಳವಾಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾರ್ಚ್ ೨೭, ಗುರುವಾರ

ಏಳಕ್ಕೆ ಮತ್ತೆ ಫೋನ್ ಮಾಡಿದೆ. "ಈಗ ಓದೋಕೆ ಏನಿದೆ?" ಎಂದರು.

"ಇದೆ. ಬರ್ಕೊಳ್ಳಿ. ಮೊದಲನೇದು, ಗಿಣಿ ಫೋನು. ಇಲ್ಲಿ ಒಂಬತ್ತು, ಅಲ್ಲಿ ಹತ್ತು. ಎರಡೂ ಕಡೆ ಒಂಬತ್ತೂವರೆ ಮಾಡೋಣ."

ಆ ಕಡೆ ಪೆನ್ನು ಹುಡುಕುವ ಸಪ್ಪಳ ಕೇಳಿಸಿತು. "ಹೂಂ, ಮುಂದೆ" ಎಂದರು.

"ಊಟ. ರೂಮಲ್ಲಿ ಬೇಡ."

"ಅದಕ್ಕೆ ಒಪ್ಪಲ್ಲ ಅವಳು. ವಾರಕ್ಕೊಂದು ದಿನ ರೂಮಲ್ಲಿ, ಬಾಕಿ ದಿನ ಮೇಜಿನಲ್ಲಿ?"

"ಹೂಂ, ಮುಂದೆ" ಎಂದೆ ನಾನು.

ಶಾಲೆಯ ಪ್ರವಾಸದ ಮಾತು ಬಂತು. ಜಗಳವಾಗಬಹುದಿತ್ತು, ಆಗಲಿಲ್ಲ. ಅಷ್ಟರಲ್ಲಿ ಆ ಕಡೆ ಕುರ್ಚಿಯೊಂದನ್ನು ಎಳೆದ ಸದ್ದು, ಪೆನ್ಸಿಲ್ಲುಗಳು ನೆಲಕ್ಕೆ ಬಿದ್ದ ಸದ್ದು. ಅವಳಪ್ಪ ಧ್ವನಿ ತಗ್ಗಿಸಿ, "ಬಂದು ಕೂತ್ಲು, ಮೇಜಿನ ಕೆಳಗೆ. ನಿಲ್ಲಿಸ್ಬೇಡ, ಓದ್ತಿರು" ಎಂದರು.

ಓದಲು ಇನ್ನೇನೂ ಉಳಿದಿರಲಿಲ್ಲ. ಓದಿದ್ದನ್ನೇ ಮೊದಲಿನಿಂದ ಇನ್ನೊಮ್ಮೆ ಓದಿದೆ. ಅವರೂ ಪ್ರತಿ ಸಾಲಿಗೆ ಹೂಂಗುಟ್ಟಿದರು. ಕೊನೆಗೆ "ಮುಟ್ಟಿದೆ" ಎಂದರು. "ನಾನೂ ಮುಟ್ಟಿದೆ" ಎಂದು ಹೇಳಿ ಫೋನಿಟ್ಟೆ.

ಎದ್ದು ಕುರ್ಚಿ ಒಳಗೆ ಸರಿಸಲು ಬಗ್ಗಿದಾಗ ನಮ್ಮ ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ, ಪೆನ್ಸಿಲ್ ಹೆರೆದ ಸಿಪ್ಪೆ ಒಂದಿಷ್ಟು ಕಂಡಿತು. ಪೊರಕೆ ತಂದೆ. ಗುಡಿಸದೆ ವಾಪಸ್ಸು ಇಟ್ಟೆ.